ತಳದ ಕಲ್ಲೇ ತುದಿ: ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್

(ನಮ್ಮೂರಿನ ವಾಚನಾಲಯದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಅವತ್ತು ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲದ ಕಾರಣ ಕೆಲವು ಕಡೆ ಮಾತನ್ನು ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ರಾಜ್ಯದ ಅತಿ ಎತ್ತರದ ಜಾಗ ಎಂದರೆ ಅಲ್ಲೊಂದು ಬೆಟ್ಟ ಇದ್ದೇ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅಮೆರಿಕದ ಕ್ಯಾನ್ಸಸ್ ರಾಜ್ಯಕ್ಕೆ ಹೋದರೆ ಆ ನಂಬಿಕೆ ಹೊರಟುಹೋಗುತ್ತದೆ. ಅಲ್ಲಿನ ಅತಿ ಎತ್ತರದ ಜಾಗದ ಹೆಸರು ಮೌಂಟ್ ಸನ್‌ಫ್ಲವರ್. ಎತ್ತರ 1,231 ಮೀಟರ್. ಕೇಳಲು ಏನೋ ದೊಡ್ಡದು. ಹೋಗಿ ನೋಡಿದರೆ ಯಾರದೋ ಜಮೀನು, ಒಂದು ಬೇಲಿ, ಕಬ್ಬಿಣದಲ್ಲಿ ಮಾಡಿ ನಿಲ್ಲಿಸಿದ ಒಂದು ಸೂರ್ಯಕಾಂತಿ ಹೂವು. ಹತ್ತುವುದಕ್ಕೆ ಏನೂ ಇಲ್ಲ. ಪಕ್ಕದ ನೆಬ್ರಾಸ್ಕಾದ ಅತಿ ಎತ್ತರದ ಜಾಗವೂ ಅಷ್ಟೇ. ಹುಲ್ಲುಗಾವಲಿನ ನಡುವೆ ಒಂದು ಕಲ್ಲು ನೆಟ್ಟಿದ್ದಾರೆ.

ಅಮೆರಿಕದ ನಡುಭಾಗದ ಆ ದೊಡ್ಡ ಬಯಲು ಪೂರ್ವದಿಂದ ಪಶ್ಚಿಮಕ್ಕೆ, ರಾಕೀಸ್ ಪರ್ವತದ ಕಡೆಗೆ, ಮೆಲ್ಲಗೆ ಏರುತ್ತಾ ಹೋಗುತ್ತದೆ. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ರಾಜ್ಯಗಳಲ್ಲಿ ಪಶ್ಚಿಮದ ಗಡಿ ಎಲ್ಲಿದೆಯೋ ಹೆಚ್ಚುಕಮ್ಮಿ ಅಲ್ಲೇ ಅತಿ ಎತ್ತರದ ಜಾಗ. ಗಡಿ ಇನ್ನಷ್ಟು ಆಚೆ ಇದ್ದಿದ್ದರೆ ಶಿಖರವೂ ಆಚೆ ಹೋಗುತ್ತಿತ್ತು!

ಇವತ್ತಿನ ಮಾತು ಇವುಗಳಿಗಿಂತ ಸ್ವಲ್ಪ ಉತ್ತರಕ್ಕಿರುವ ಸೌತ್ ಡಕೋಟಾ ಬಗ್ಗೆ. ಅದೂ ಬಯಲು ರಾಜ್ಯವೇ. ವಿಸ್ತಾರ ಸುಮಾರು 1,99,700 ಚದರ ಕಿ.ಮೀ. ನಮ್ಮ ಕರ್ನಾಟಕ 1,91,791. ಅಂದರೆ ಎರಡೂ ಒಂದೇ ಅಳತೆಯವು. ಆದರೆ ಜನ? ಅಲ್ಲಿ 2020ರ ಗಣತಿಯಲ್ಲಿ 9 ಲಕ್ಷವೂ ಇರಲಿಲ್ಲ. ಪೂರ್ವದ ಸೂ ಫಾಲ್ಸ್ ಊರಿನಿಂದ ಪಶ್ಚಿಮದ ರ್‍ಯಾಪಿಡ್ ಸಿಟಿಗೆ 550 ಕಿ.ಮೀ.ಗೂ ಜಾಸ್ತಿ. ಹೆದ್ದಾರಿ ನೂಲು ಹಿಡಿದ ಹಾಗೆ ನೇರ. ಜೋಳ, ಸೋಯಾ, ಆಮೇಲೆ ನಡುವೆ ಮಿಸೌರಿ ನದಿ, ನದಿ ದಾಟಿದ ಮೇಲೆ ಹುಲ್ಲು, ಹುಲ್ಲು, ಮತ್ತೆ ಹುಲ್ಲು.

ರ್‍ಯಾಪಿಡ್ ಸಿಟಿ ಹತ್ತಿರವಾದ ಹಾಗೆ ಪಶ್ಚಿಮದಲ್ಲಿ ಒಂದು ಕಪ್ಪು ಗೆರೆ ಕಾಣುತ್ತದೆ. ಅದೇ ಬ್ಲ್ಯಾಕ್ ಹಿಲ್ಸ್. ಕಪ್ಪಾಗಿ ಕಾಣುವುದು ಕಲ್ಲಿನಿಂದಲ್ಲ. ಬೆಟ್ಟದ ಮೈತುಂಬ ಪಾಂಡೆರೋಸಾ ಪೈನ್ ಮರಗಳು, ದೂರಕ್ಕೆ ಕಡು ಹಸಿರು ಕಪ್ಪಾಗಿ ಕಾಣುತ್ತದೆ. ಉತ್ತರ ದಕ್ಷಿಣ ಸುಮಾರು 200 ಕಿ.ಮೀ., ಪೂರ್ವ ಪಶ್ಚಿಮ 100 ಕಿ.ಮೀ. ಒಂದು ಅಂಚು ಪಕ್ಕದ ವೈಯೋಮಿಂಗ್‌ಗೂ ಚಾಚಿದೆ. ಸುತ್ತ ನಾಲ್ಕೂ ಕಡೆ ಬಯಲು. ಯಾವ ಪರ್ವತ ಸಾಲಿಗೂ ಅಂಟಿಕೊಳ್ಳದೆ ಒಂಟಿಯಾಗಿ ನಿಂತಿದೆ.

ಅತಿ ಎತ್ತರದ ಶಿಖರ ಬ್ಲ್ಯಾಕ್ ಎಲ್ಕ್ ಪೀಕ್, 2,207 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ (1,930 ಮೀಟರ್) ಜಾಸ್ತಿ. ರಾಕೀಸ್‌ನಿಂದ ಪೂರ್ವಕ್ಕೆ, ಯುರೋಪಿನ ಪಿರನೀಸ್ ತನಕ ಇಷ್ಟು ಎತ್ತರದ ಶಿಖರ ಇನ್ನೊಂದಿಲ್ಲ ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಇದನ್ನು ಪೂರ್ತಿ ನಂಬಬೇಡಿ. ಟೆಕ್ಸಸ್‌ನ ಎಮೊರಿ ಶಿಖರ ಇದಕ್ಕಿಂತ ಎತ್ತರ, ಇದಕ್ಕಿಂತ ಕೊಂಚ ಪೂರ್ವಕ್ಕೂ ಇದೆ. ಅದನ್ನೂ ರಾಕೀಸ್ ಲೆಕ್ಕಕ್ಕೆ ಸೇರಿಸಿಕೊಂಡರೆ ಮಾತ್ರ ಈ ಹೆಮ್ಮೆ ಉಳಿಯುತ್ತದೆ. ಎಲ್ಲ ಊರಿನವರಿಗೂ ತಮ್ಮ ಬೆಟ್ಟವೇ ದೊಡ್ಡದು, ಬಿಡಿ.

ಉತ್ತರ ಭಾಗದಲ್ಲಿ ಟೆರಿ ಪೀಕ್ ಇದೆ, 7,064 ಅಡಿ. ಚಳಿಗಾಲದಲ್ಲಿ ಜನ ಅಲ್ಲಿ ಹಿಮದ ಮೇಲೆ ಸ್ಕೀ ಮಾಡುತ್ತಾರೆ. ಕ್ರೂಕ್ಸ್ ಟವರ್ ಅಂತ ಇನ್ನೊಂದಿದೆ. ಅದೂ 7,000 ಅಡಿ ದಾಟುತ್ತದೆ, ಆದರೆ ಸುಣ್ಣಕಲ್ಲಿನ ಹರವಾದ ದಿಬ್ಬದ ಮೇಲೆ ಒಂದು ಉಬ್ಬು ಅಷ್ಟೇ. ಟವರ್ ಅನ್ನುವ ಹೆಸರು ನಂಬಿ ಹೋದವರು ಶಿಖರ ಎಲ್ಲಿ ಅಂತ ಮರಗಳ ನಡುವೆ ಹುಡುಕಬೇಕು.

ಇನ್ನು ಎತ್ತರದ ಲೆಕ್ಕ ಸಾಕು. ನಾನು ಹೇಳಲು ಬಂದದ್ದು ಬೇರೆ. ಆ ರಾಜ್ಯದಲ್ಲಿ ಎಲ್ಲಕ್ಕಿಂತ ಮೇಲಿರುವ ಕಲ್ಲು, ಎಲ್ಲಕ್ಕಿಂತ ತಳದಲ್ಲಿ ಇರಬೇಕಾಗಿದ್ದ ಕಲ್ಲು. ಆ ಬೆಟ್ಟಗಳಲ್ಲಿ ನಡೆದ ಮಿಕ್ಕ ಕಥೆಗೆಲ್ಲ ಬೇರು ಇದರಲ್ಲಿದೆ.

ಹೇಗೆ ಅಂತೀರಾ? ನಾಲ್ಕೈದು ಕಂಬಳಿ ಹೊದ್ದು ಮಲಗಿದ್ದೀರಿ ಅಂದುಕೊಳ್ಳಿ. ಮೊಣಕಾಲು ಮೇಲೆತ್ತಿದಿರಿ. ಕಂಬಳಿಗಳೆಲ್ಲ ಒಟ್ಟಿಗೆ ಉಬ್ಬಿದವು. ಈಗ ಯಾರೋ ಬಂದು ಆ ಉಬ್ಬಿನ ನೆತ್ತಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಏನು ಕಾಣುತ್ತದೆ? ನಡುವೆ ಮೊಣಕಾಲು. ಅದರ ಸುತ್ತ ಒಳಗಿನ ಕಂಬಳಿಯ ಅಂಚು ಬಳೆಯ ಹಾಗೆ. ಅದರಾಚೆ ಎರಡನೆಯದು, ಮೂರನೆಯದು. ಬ್ಲ್ಯಾಕ್ ಹಿಲ್ಸ್ ನಕ್ಷೆ ನೋಡಿದರೆ ಇದೇ ಬಳೆಗಳು. ಕಂಬಳಿ ಅಂದರೆ ಕೋಟಿಗಟ್ಟಲೆ ವರ್ಷ ಸಮುದ್ರದ ತಳದಲ್ಲಿ, ನದಿಗಳ ಬಾಯಲ್ಲಿ ಕೂತ ಮಣ್ಣು, ಮರಳು, ಸುಣ್ಣ. ಹೌದು, ಆ ಹುಲ್ಲುಗಾವಲು ಒಂದು ಕಾಲಕ್ಕೆ ಸಮುದ್ರ. ಡೈನೋಸಾರ್‌ಗಳ ಕಾಲದಲ್ಲಿ ಉತ್ತರ ಅಮೆರಿಕವನ್ನು ಎರಡು ಹೋಳು ಮಾಡಿದ ಒಂದು ಸಮುದ್ರ ಅಲ್ಲಿತ್ತು. ಇವತ್ತಿಗೂ ಆ ಬಯಲಿನಲ್ಲಿ ಸಮುದ್ರದ ದೊಡ್ಡ ಹಲ್ಲಿಗಳ ಎಲುಬು ಸಿಗುತ್ತವೆ.

ಮೊಣಕಾಲು ಎದ್ದದ್ದು ಸುಮಾರು 6ರಿಂದ 7 ಕೋಟಿ ವರ್ಷದ ಹಿಂದೆ, ರಾಕೀಸ್ ಎದ್ದ ಕಾಲಕ್ಕೆ. ಕತ್ತರಿ ಹಾಕಿದ್ದು ಮಳೆ ಮತ್ತು ಹೊಳೆ. ಅವು ಮೇಲಿನ ಪದರಗಳನ್ನೆಲ್ಲ ಕೊಚ್ಚಿಕೊಂಡು ಹೋದವು. ಹೀಗೆ ಕೊಚ್ಚಿಹೋದ ಮಣ್ಣಿನ ಒಂದಷ್ಟು ಪಾಲು ಪೂರ್ವಕ್ಕೆ ಹೋಗಿ, ಪಶ್ಚಿಮದ ಜ್ವಾಲಾಮುಖಿಗಳಿಂದ ಹಾರಿಬಂದ ಬೂದಿಯ ಜೊತೆ ಸೇರಿ ಕೂತಿತು. ಅದೇ ಇವತ್ತಿನ ಬ್ಯಾಡ್‌ಲ್ಯಾಂಡ್ಸ್. ಹೆದ್ದಾರಿಯಿಂದ ಇಳಿದು ಜನ ಫೋಟೋ ತೆಗೆದುಕೊಳ್ಳುವ ಆ ಪಟ್ಟೆಪಟ್ಟೆ ಗುಡ್ಡಗಳಲ್ಲಿ ಬೆಟ್ಟದ ಮೈಯಿಂದ ಸವೆದ ಮಣ್ಣೂ ಇದೆ.

ಬಯಲಿನ ಕಡೆಯಿಂದ ಒಳಗೆ ಹೋಗೋಣ. ಮೊದಲು ಸಿಗುವುದು ಮರಳುಗಲ್ಲಿನ ಏಣು. ಕೋಟೆಗೋಡೆಯ ಹಾಗೆ ಬೆಟ್ಟದ ಸುತ್ತ ನಿಂತಿದೆ. ಅದನ್ನು ದಾಟಿದರೆ ಕೆಂಪು ಮಣ್ಣಿನ ತಗ್ಗು, ಇದೂ ಬೆಟ್ಟವನ್ನು ಸುತ್ತುವರಿದಿದೆ. ಆ ಸೀಮೆಯ ಮೂಲನಿವಾಸಿಗಳಾದ ಲಕೋಟಾ ಜನ ಈ ಕೆಂಪು ತಗ್ಗಿಗೆ ಒಂದು ಕಥೆ ಹೇಳುತ್ತಾರೆ. ಯಾರು ಯಾರನ್ನು ತಿನ್ನಬೇಕು ಅನ್ನುವುದು ತೀರ್ಮಾನವಾಗಲಿ ಅಂತ ಎರಡು ಕಾಲಿನವರಿಗೂ ನಾಲ್ಕು ಕಾಲಿನವರಿಗೂ ಓಟದ ಪಂದ್ಯ ಆಯಿತಂತೆ. ಬೆಟ್ಟದ ಸುತ್ತ ಓಡಿ ಓಡಿ ಪ್ರಾಣಿಗಳು ರಕ್ತ ಕಾರಿದವಂತೆ, ನೆಲ ಕೆಂಪಾಯಿತಂತೆ. ಕೊನೆಗೆ ಒಂದು ಹಕ್ಕಿ ಎರಡು ಕಾಲಿನವರ ಪರವಾಗಿ ಗೆದ್ದಿತು. ಭೂವಿಜ್ಞಾನಿಗಳೂ ಆ ತಗ್ಗನ್ನು ರೇಸ್‌ಟ್ರ್ಯಾಕ್ ಅಂತಲೇ ಕರೆದರು. ಕೆಂಪಿಗೆ ಕಾರಣ ಕಬ್ಬಿಣದ ತುಕ್ಕು ಅಂತ ಹೇಳಬಹುದು. ಆದರೆ ಆ ಬಯಲಲ್ಲಿ ನಿಂತು, ಬೆಟ್ಟದ ಸುತ್ತ ಒಂದು ಸುತ್ತು ದಾರಿ ಇದೆ ಅಂತ ನಕ್ಷೆ ಇಲ್ಲದೆಯೇ ಕಂಡುಕೊಂಡಿದ್ದರಲ್ಲ, ಅದು ದೊಡ್ಡದು.

ಕೆಂಪು ತಗ್ಗಿನ ಒಳಗೆ ಸುಣ್ಣಕಲ್ಲು. ಸುಣ್ಣಕಲ್ಲನ್ನು ನೀರು ಕರಗಿಸುತ್ತದೆ, ಹಾಗಾಗಿ ಗುಹೆಗಳು. ಜ್ಯೂಯೆಲ್ ಕೇವ್‌ನಲ್ಲಿ ಇಲ್ಲಿಯವರೆಗೆ ಅಳೆದ ದಾರಿಗಳೇ 200 ಮೈಲಿಗೂ ಜಾಸ್ತಿ. ವಿಂಡ್ ಕೇವ್ ಇನ್ನೂ ಸ್ವಾರಸ್ಯ. ಹೊರಗೆ ಗಾಳಿಯ ಒತ್ತಡ ಕಮ್ಮಿಯಾದರೆ ಗುಹೆ ಗಾಳಿ ಹೊರಗೆ ಊದುತ್ತದೆ, ಜಾಸ್ತಿಯಾದರೆ ಒಳಗೆ ಎಳೆಯುತ್ತದೆ. 1881ರಲ್ಲಿ ಬಿಂಗ್‌ಹ್ಯಾಮ್ ಎಂಬ ಅಣ್ಣತಮ್ಮಂದಿರು ಸದ್ದು ಕೇಳಿ ಹತ್ತಿರ ಹೋಗಿ ಬಗ್ಗಿ ನೋಡಿದಾಗ ಟೋಪಿ ಹಾರಿಹೋಯಿತು ಅನ್ನುವ ಕಥೆ ಇದೆ. ಆ ಬಾಯಿ ಎಷ್ಟಿದೆ ಗೊತ್ತಾ? ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳುವಷ್ಟು. ತಮ್ಮ ಪೂರ್ವಿಕರು ಭೂಮಿಯ ಒಳಗಿಂದ ಮೇಲೆ ಬಂದದ್ದು ಇಲ್ಲಿಂದಲೇ ಎಂಬುದು ಲಕೋಟಾ ಜನರ ನಂಬಿಕೆ.

ಬೆಟ್ಟದಿಂದ ಇಳಿಯುವ ಹಳ್ಳಗಳು ಇದೇ ಸುಣ್ಣಕಲ್ಲಿನ ಬಳೆ ದಾಟುವಾಗ ಇಂಗಿಹೋಗುತ್ತವೆ. ನೋಡನೋಡುತ್ತಾ ಹಳ್ಳ ಬತ್ತುತ್ತದೆ. ಆ ನೀರು ಕಲ್ಲಿನೊಳಗೆ ಹರಿದು, ಮುಂದೆ ಎಲ್ಲೋ ಊಟೆಯಾಗಿ ಮೇಲೇಳುತ್ತದೆ. ರ್‍ಯಾಪಿಡ್ ಸಿಟಿ ಕುಡಿಯುವ ನೀರಿನ ಒಂದು ಪಾಲು ಬರುವುದು ಹೀಗೆ. ಹೊರಗಿನ ಮರಳುಗಲ್ಲಿನ ಪದರವೂ ಬಯಲಿನ ಕೆಳಗೆ ಚಾಚಿಕೊಂಡಿದೆ. 19ನೇ ಶತಮಾನದ ಕೊನೆಗೆ ಬಯಲಿನ ರೈತರು ಆ ಪದರಕ್ಕೆ ಕೊಳವೆ ಬಾವಿ ಕೊರೆದಾಗ ಪಂಪು ಇಲ್ಲದೆ ನೀರು ತಾನಾಗಿ ಚಿಮ್ಮಿತು. ಎಲ್ಲರೂ ಕೊರೆದರು, ಒತ್ತಡ ಇಳಿಯುತ್ತಾ ಬಂತು. ಮುಂದಿನದು ನಮ್ಮ ಕೋಲಾರದವರಿಗೆ, ಚಿಕ್ಕಬಳ್ಳಾಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಟ್ಟನಡುವೆ ಮೊಣಕಾಲು. ಅಭ್ರಕ ಮಿನುಗುವ ಹಳೆಯ ಕಪ್ಪು ಪದರಗಲ್ಲು, ಅದರೊಳಗೆ ನುಗ್ಗಿ ಗಟ್ಟಿಯಾದ ಗ್ರಾನೈಟ್. ಗ್ರಾನೈಟಿನ ವಯಸ್ಸು ಸುಮಾರು 170 ಕೋಟಿ ವರ್ಷ. ಬ್ಲ್ಯಾಕ್ ಎಲ್ಕ್ ಶಿಖರ ಇದೇ ಗ್ರಾನೈಟು. ನೆಲದ ಒಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಹುಟ್ಟಿದ್ದು ಇವತ್ತು ರಾಜ್ಯದ ನೆತ್ತಿಯಲ್ಲಿದೆ.

ಇಲ್ಲಿ ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ನಮ್ಮ ಲಾಲ್‌ಬಾಗಿನ ಬಂಡೆ ಇದಕ್ಕಿಂತ ನೂರು ಕೋಟಿಗೂ ಜಾಸ್ತಿ ವರ್ಷ ಹಿರಿಯದು. ತುಮಕೂರು, ರಾಮನಗರ, ಚಿತ್ರದುರ್ಗ, ಎಲ್ಲಿ ನೋಡಿದರೂ ತಳದ ಬಂಡೆ ಮೇಲೆಯೇ ಬಿದ್ದಿದೆ. ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತೇವೆ. ಡಕೋಟಾದವರಿಗೆ ಆ ತಳದ ಬಂಡೆ ಈ ಒಂದು ಬೆಟ್ಟದಲ್ಲಿ, ಮತ್ತೆ ಪೂರ್ವದ ಅಂಚಿನ ಕೆಲವು ಕಡೆ ಮಾತ್ರ ಕಾಣಸಿಗುತ್ತದೆ. ಮಿಕ್ಕ ಕಡೆಯೆಲ್ಲ ಕಂಬಳಿ ಮುಚ್ಚಿದೆ.

ಮೌಂಟ್ ರಶ್‌ಮೋರ್ ಎಲ್ಲರಿಗೂ ಗೊತ್ತು, ನಾಲ್ಕು ಅಧ್ಯಕ್ಷರ ಮುಖ. 1927ರಿಂದ 1941ರವರೆಗೆ ಗಟ್ಜನ್ ಬೋರ್ಗ್ಲಮ್ ಮತ್ತು ಅವರ ಕೆಲಸಗಾರರು ಕಡೆದದ್ದು. ಕಡೆದದ್ದು ಅನ್ನುವುದಕ್ಕಿಂತ ಡೈನಮೈಟ್ ಇಟ್ಟು ಸಿಡಿಸಿದ್ದು ಅನ್ನಬೇಕು. ಅದೂ ಇದೇ ಗ್ರಾನೈಟು. ಮುಂದಿನ ಸಲ ಫೋಟೋ ನೋಡಿದಾಗ ವಾಷಿಂಗ್ಟನ್ ಮುಖ ಬಿಟ್ಟು ಅದರ ಕೆಳಗೆ ನೋಡಿ. ತಿಳಿ ಬಣ್ಣದ ಗ್ರಾನೈಟ್ ಮುಗಿದು ಕಪ್ಪು ಕಲ್ಲು ಶುರುವಾಗುವ ಗೆರೆ ಕಾಣುತ್ತದೆ. ನನಗಂತೂ ನಾಲ್ಕು ಮುಖಗಳಿಗಿಂತ ಆ ಗೆರೆಯೇ ನೋಡುವಂಥದ್ದು ಅನಿಸುತ್ತದೆ.

ಈಗ ಚಿನ್ನ. ತಳದ ಕಲ್ಲು ಮೇಲೆ ಬಂದರೆ ಅದರೊಳಗಿನ ಚಿನ್ನವೂ ಕೈಗೆ ಸಿಗುತ್ತದೆ. ಕೈಗೆ ಸಿಕ್ಕಿದ ಮೇಲೆ ಜಗಳ. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಈ ಬೆಟ್ಟಗಳು ಲಕೋಟಾ ಮತ್ತವರ ಬಂಧು ಜನರಿಗೆ ಸೇರಿದ್ದು ಅಂತ ಬರೆದುಕೊಟ್ಟಿತು. ಆರೇ ವರ್ಷಕ್ಕೆ, 1874ರಲ್ಲಿ, ಕಸ್ಟರ್ ಎಂಬ ಸೇನಾಧಿಕಾರಿಯ ತಂಡ ಒಳಗೆ ಹೋಗಿ ಫ್ರೆಂಚ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಇದೆ ಅಂತ ಸುದ್ದಿ ಕೊಟ್ಟಿತು. ಜನ ನುಗ್ಗಿದರು. 1876ರಲ್ಲಿ ಕಸ್ಟರ್ ಲಿಟಲ್ ಬಿಗ್‌ಹಾರ್ನ್ ಯುದ್ಧದಲ್ಲಿ ಸತ್ತ. 1877ರಲ್ಲಿ ಸರ್ಕಾರ ಕಾನೂನು ಮಾಡಿ ಬೆಟ್ಟಗಳನ್ನು ಕಿತ್ತುಕೊಂಡಿತು.

ಕೇಸು ನಡೆಯಿತು, ದಶಕಗಟ್ಟಲೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪರಿಹಾರ ಕೊಡಲೇಬೇಕು ಅಂದಿತು. ಬಡ್ಡಿ ಸೇರಿ 10 ಕೋಟಿ ಡಾಲರ್‌ಗೂ ಮಿಕ್ಕಿದ ಹಣ. ಅವರು ತೆಗೆದುಕೊಳ್ಳಲಿಲ್ಲ. ಇವತ್ತಿಗೂ ತೆಗೆದುಕೊಂಡಿಲ್ಲ. ಹಣ ಖಾತೆಯಲ್ಲಿ ಬೆಳೆದು 100 ಕೋಟಿ ಡಾಲರ್ ದಾಟಿದೆ. ಬೆಟ್ಟ ಮಾರಾಟಕ್ಕಿಲ್ಲ ಅನ್ನುವುದು ಅವರ ಮಾತು. ಇವರೇನು ಹಣವಂತರಲ್ಲ. ಪೈನ್ ರಿಡ್ಜ್ ಅಂತ ಅವರಿರುವ ಸೀಮೆ ಅಮೆರಿಕದಲ್ಲೇ ಅತಿ ಬಡ ಜಾಗಗಳಲ್ಲಿ ಒಂದು. ಹಾಗಿದ್ದೂ ಬೇಡ ಅಂದಿದ್ದಾರೆ.

ಶಿಖರಕ್ಕೂ ಇದೇ ಗಾಯ. ಬಹಳ ವರ್ಷ ಅದನ್ನು ಹಾರ್ನಿ ಪೀಕ್ ಅಂತ ಕರೆಯುತ್ತಿದ್ದರು. ವಿಲಿಯಂ ಹಾರ್ನಿ ಸೇನಾ ಜನರಲ್. 1855ರಲ್ಲಿ ನೆಬ್ರಾಸ್ಕಾದ ಬ್ಲೂ ವಾಟರ್ ಹಳ್ಳದ ಹತ್ತಿರ ಅವನ ಸೈನ್ಯ ಲಕೋಟಾ ಹಾಡಿಯ ಮೇಲೆ ಬಿದ್ದು ಹೆಂಗಸರು ಮಕ್ಕಳನ್ನೂ ಕೊಂದಿತ್ತು. ಆ ಜನರ ಪವಿತ್ರ ಬೆಟ್ಟಕ್ಕೆ ಅವನದೇ ಹೆಸರು! 2016ರಲ್ಲಿ ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಳಿ ಅದನ್ನು ತೆಗೆದು ಬ್ಲ್ಯಾಕ್ ಎಲ್ಕ್ ಹೆಸರಿಟ್ಟಿತು. ಬ್ಲ್ಯಾಕ್ ಎಲ್ಕ್ ಲಕೋಟಾ ಜನರ ಒಬ್ಬ ಹಿರಿಯ, ವೈದ್ಯ, ದರ್ಶನಗಳನ್ನು ಕಂಡವರು. ಒಂಬತ್ತರ ವಯಸ್ಸಿನಲ್ಲಿ ಕಂಡ ದರ್ಶನದಲ್ಲಿ ತಮ್ಮನ್ನು ಈ ಶಿಖರದ ಮೇಲೆ ನಿಲ್ಲಿಸಲಾಯಿತು ಅಂತ ಅವರು ಹೇಳಿಕೊಂಡಿದ್ದರು. ಮುದುಕರಾದ ಮೇಲೆ, 1931ರಲ್ಲಿ, ಅಲ್ಲಿಗೆ ಹತ್ತಿ ತಮ್ಮ ಜನರಿಗಾಗಿ ಪ್ರಾರ್ಥನೆ ಮಾಡಿದರು.

ಚಿನ್ನದ ಕಥೆಗೆ ಇನ್ನೊಂದು ಕೊನೆ ಇದೆ, ಅದು ನಮ್ಮ ಕೆಜಿಎಫ್‌ಗೆ ತಾಗುತ್ತದೆ. ಬ್ಲ್ಯಾಕ್ ಹಿಲ್ಸ್‌ನ ಲೀಡ್ ಎಂಬ ಊರಿನಲ್ಲಿ ಹೋಮ್‌ಸ್ಟೇಕ್ ಗಣಿ. 1876ರಲ್ಲಿ ಸಿಕ್ಕ ಅದಿರು, ಸುಮಾರು 125 ವರ್ಷ ಚಿನ್ನ ತೆಗೆದರು, 8,000 ಅಡಿ ಆಳಕ್ಕೆ ಇಳಿದರು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಅದಕ್ಕಿಂತ ಆಳ, 10,000 ಅಡಿ ದಾಟಿತ್ತು. ಎರಡೂ ಗಣಿಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮುಚ್ಚಿದವು. ಕೆಜಿಎಫ್ 2001ರಲ್ಲಿ, ಹೋಮ್‌ಸ್ಟೇಕ್ ಅದಾದ ಸ್ವಲ್ಪ ದಿನಕ್ಕೆ.

ಎರಡೂ ಕಡೆ ಚಿನ್ನದ ಜೊತೆಗೆ ಇನ್ನೊಂದನ್ನು ಹುಡುಕಿದ್ದರು: ನ್ಯೂಟ್ರಿನೊ. ಅದು ಬೆಟ್ಟ, ಭೂಮಿ, ನಮ್ಮ ಮೈ, ಎಲ್ಲವನ್ನೂ ತೂರಿಕೊಂಡು ಹೋಗುವ ಕಣ. ಆಕಾಶದಿಂದ ಬೇರೆ ಕಣಗಳ ಮಳೆ ಸದಾ ಬೀಳುತ್ತಿರುವುದರಿಂದ ಮೇಲೆ ಕೂತು ಇದನ್ನು ಹಿಡಿಯಲಾಗದು. ಆಳಕ್ಕೆ ಹೋದರೆ ಕಲ್ಲು ಮಿಕ್ಕವನ್ನು ತಡೆಯುತ್ತದೆ, ಇದು ಮಾತ್ರ ಬರುತ್ತದೆ. 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಕಂಡರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಕಂಡಿತು. ಲೋಕದಲ್ಲಿ ಇವೇ ಮೊದಲು. ಇದನ್ನು ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ?

ಹೋಮ್‌ಸ್ಟೇಕ್‌ನಲ್ಲಿ ರೇಮಂಡ್ ಡೇವಿಸ್ ಎಂಬ ರಸಾಯನ ವಿಜ್ಞಾನಿ 4,850 ಅಡಿ ಆಳದಲ್ಲಿ ಸುಮಾರು ನಾಲ್ಕು ಲಕ್ಷ ಲೀಟರಿನ ಒಂದು ತೊಟ್ಟಿ ಇಟ್ಟರು. ತೊಟ್ಟಿಯಲ್ಲಿ ತುಂಬಿದ್ದು ಬಟ್ಟೆ ಡ್ರೈ ಕ್ಲೀನ್ ಮಾಡುವ ದ್ರವ! ಅದರಲ್ಲಿ ಕ್ಲೋರಿನ್ ಇರುತ್ತದೆ. ಸೂರ್ಯನಿಂದ ಬಂದ ನ್ಯೂಟ್ರಿನೊ ಅಪರೂಪಕ್ಕೆ ಒಂದು ಕ್ಲೋರಿನ್ ಪರಮಾಣುವಿಗೆ ತಾಗಿದರೆ ಅದು ಆರ್ಗಾನ್ ಆಗುತ್ತದೆ. ಆ ಇಡೀ ತೊಟ್ಟಿಯಲ್ಲಿ ಹೀಗೆ ಹುಟ್ಟಿದ ಬೆರಳೆಣಿಕೆಯ ಪರಮಾಣುಗಳನ್ನು ಹುಡುಕಿ ತೆಗೆದು ಎಣಿಸಬೇಕು. ಎಣಿಸಿದರು, ವರ್ಷಗಟ್ಟಲೆ. ಲೆಕ್ಕದ ಪ್ರಕಾರ ಬರಬೇಕಾದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಸಿಕ್ಕಿತು. ಎಣಿಕೆ ತಪ್ಪಿರಬೇಕು ಅಂದವರೇ ಜಾಸ್ತಿ. ತಪ್ಪಿರಲಿಲ್ಲ. ನ್ಯೂಟ್ರಿನೊ ದಾರಿಯಲ್ಲಿ ಬರುತ್ತಾ ತನ್ನ ಬಗೆಯನ್ನೇ ಬದಲಿಸಿಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು. 2002ರಲ್ಲಿ ಡೇವಿಸ್‌ಗೆ ನೊಬೆಲ್ ಬಂತು.

ಗಣಿ ಮುಚ್ಚಿ ಪಂಪು ನಿಲ್ಲಿಸಿದಾಗ ಹೋಮ್‌ಸ್ಟೇಕ್‌ಗೂ ನೀರು ತುಂಬಿತು. ಆದರೆ ಅವರು ಮತ್ತೆ ನೀರು ತೆಗೆದು ಅಲ್ಲಿ ಪ್ರಯೋಗಾಲಯ ಮಾಡಿಕೊಂಡರು. ಈಗ ಅಲ್ಲಿ ಕತ್ತಲ ದ್ರವ್ಯದ (ಡಾರ್ಕ್ ಮ್ಯಾಟರ್, ಕಣ್ಣಿಗೆ ಕಾಣದೆ ತನ್ನ ಸೆಳೆತದಿಂದ ಮಾತ್ರ ಗೊತ್ತಾಗುವ ವಸ್ತು) ಹುಡುಕಾಟ ನಡೆದಿದೆ. 1,300 ಕಿ.ಮೀ. ಆಚೆಯ ಇಲಿನಾಯ್‌ನಿಂದ ನೆಲದೊಳಗೇ ನ್ಯೂಟ್ರಿನೊ ಹಾರಿಸಿ ಇಲ್ಲಿ ಹಿಡಿಯಲು ದೊಡ್ಡ ದೊಡ್ಡ ಗುಹೆ ಕೊರೆದಿದ್ದಾರೆ. ಕೆಜಿಎಫ್‌ನ ಆ ಸುರಂಗಗಳು ನೀರಿನಲ್ಲೇ ಇವೆ.

ಬೆಟ್ಟ ಮತ್ತು ಹವೆಯ ಬಗ್ಗೆ ಎರಡು ದಿನಗಳ ಕಥೆ ಹೇಳಿ ಮುಗಿಸುತ್ತೇನೆ.

ಒಂದು, 1943ರ ಜನವರಿ 22. ಬೆಟ್ಟದ ಉತ್ತರ ಅಂಚಿನ ಸ್ಪಿಯರ್‌ಫಿಶ್ ಊರು. ಬೆಳಿಗ್ಗೆ ಏಳೂವರೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್. ಎರಡು ನಿಮಿಷ ಆದ ಮೇಲೆ ಪ್ಲಸ್ 7 ಡಿಗ್ರಿ. ಎರಡೇ ನಿಮಿಷ! ಇವತ್ತಿಗೂ ಲೋಕದ ದಾಖಲೆ. ಒಂಬತ್ತು ಗಂಟೆ ಹೊತ್ತಿಗೆ 12 ಡಿಗ್ರಿ. ಆಮೇಲೆ 27 ನಿಮಿಷದಲ್ಲಿ ಮತ್ತೆ ಮೈನಸ್ 20. ಕಿಟಕಿಯ ಗಾಜುಗಳು ಬಿರುಕುಬಿಟ್ಟವು, ಕಾರುಗಳ ಗಾಜಿನ ಮೇಲೆ ಕ್ಷಣದಲ್ಲಿ ಮಂಜು ಕಟ್ಟಿತು. ಕಾರಣ ಬೆಟ್ಟವೇ. ಪಶ್ಚಿಮದಿಂದ ಬಂದ ಗಾಳಿ ಬೆಟ್ಟ ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ. ಬಯಲಿನ ಮೇಲೆ ತಣ್ಣನೆಯ ಗಾಳಿ ತೆಳ್ಳಗೆ ಮಲಗಿತ್ತು. ಇವೆರಡರ ಗಡಿ ಸರಿಯಾಗಿ ಊರಿನ ಮೇಲೆ ಹಿಂದೆ ಮುಂದೆ ಆಡಿತು.

ಎರಡನೆಯದು, 1972ರ ಜೂನ್ 9. ಪೂರ್ವದ ಬಯಲಿನಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿತು. ಮೋಡವನ್ನು ತಳ್ಳಿಕೊಂಡು ಹೋಗಲು ಮೇಲೆ ಬಲವಾದ ಗಾಳಿ ಇರಲಿಲ್ಲ. ಮೋಡ ಅಲ್ಲೇ ನಿಂತು ಸುರಿಯಿತು. ಕೆಲವು ಕಡೆ ಆರು ಗಂಟೆಯಲ್ಲಿ 15 ಇಂಚು, ಆ ಬಯಲಿಗೆ ಹೆಚ್ಚುಕಮ್ಮಿ ಒಂದು ವರ್ಷದ ಮಳೆ. ರಾತ್ರಿ ರ್‍ಯಾಪಿಡ್ ಸಿಟಿಯ ಕೆರೆಯ ಕಟ್ಟೆ ಒಡೆಯಿತು. 238 ಜನ ಸತ್ತರು. ಆ ಊರಿನವರು ಆಮೇಲೆ ಮಾಡಿದ ಕೆಲಸ ಹೇಳಲೇಬೇಕು. ಹಳ್ಳದ ಪಾತ್ರದಲ್ಲಿ ಮತ್ತೆ ಮನೆ ಕಟ್ಟಲು ಬಿಡಲಿಲ್ಲ. ಊರ ನಡುವೆಯೇ ಆ ಉದ್ದಕ್ಕೂ ಪಾರ್ಕು, ಆಟದ ಬಯಲು, ನಡೆಯುವ ದಾರಿ. ನಮ್ಮ ಬೆಂಗಳೂರಿನ ರಾಜಕಾಲುವೆಗಳ ಕಥೆ ಇಲ್ಲಿ ಎತ್ತುವುದಿಲ್ಲ, ರಾತ್ರಿಯಾಗುತ್ತದೆ.

ಉಪನ್ಯಾಸದ ಕೊನೆಗೆ ಒಬ್ಬರು ತಾಯಿ ಕೇಳಿದರು: "ಸರ್, ಮಗಳು ಡೆನ್ವರ್‌ನಲ್ಲಿದ್ದಾಳೆ, ಬರೋ ಬೇಸಿಗೆಗೆ ಹೋಗ್ತಿದೀವಿ. ಆ ಶಿಖರ ನಮ್ಮಂಥೋರು ಹತ್ತಬಹುದಾ?"

ಹತ್ತಬಹುದು, ತಾಯಿ. ಸಿಲ್ವನ್ ಲೇಕ್ ಎಂಬ ಕೆರೆಯ ಹತ್ತಿರ ಕಾರು ನಿಲ್ಲಿಸಬೇಕು. ಅದು ಕಸ್ಟರ್ ಸ್ಟೇಟ್ ಪಾರ್ಕ್ ಒಳಗೆ, ವಾಹನಕ್ಕೆ ಶುಲ್ಕ ಇದೆ. ಹೋಗಿ ಬರಲು ಸುಮಾರು 11 ಕಿ.ಮೀ. ದಾರಿ ಚೆನ್ನಾಗಿದೆ, ಕೊನೆಗೆ ಸ್ವಲ್ಪ ಮೆಟ್ಟಿಲು. ಮೇಲೆ 1930ರ ದಶಕದ ಕೊನೆಗೆ ಕಲ್ಲಿನಲ್ಲಿ ಕಟ್ಟಿದ ಒಂದು ಕಾವಲು ಗೋಪುರ ಇದೆ, ಕಾಡಿನ ಬೆಂಕಿ ನೋಡಲು ಕಟ್ಟಿದ್ದು. ದಾರಿಯಲ್ಲಿ ಬಿಳಿ ಆಡುಗಳು ಸಿಗಬಹುದು. ಅವು ಅಲ್ಲಿನವಲ್ಲ. 1924ರಲ್ಲಿ ಕೆನಡಾದಿಂದ ತಂದು ಬೇಲಿಯಲ್ಲಿಟ್ಟ ಆಡುಗಳು ತಪ್ಪಿಸಿಕೊಂಡು ಬೆಟ್ಟ ಸೇರಿ ಸಂಸಾರ ಬೆಳೆಸಿವೆ. ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿರುವುದು ಕಂಡರೆ ಮುಟ್ಟಬೇಡಿ, ಅದು ಲಕೋಟಾ ಜನರ ಹರಕೆ. ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ಶಿಖರದ ಮೇಲೆ ಬರೀ ಬಂಡೆ, ಅವಿತುಕೊಳ್ಳಲು ಒಳ್ಳೆಯ ಜಾಗ ಇಲ್ಲ. ಊಟದ ಹೊತ್ತಿಗೆ ಕೆಳಗೆ ಇಳಿದುಬಿಡಿ. ನೀರು ಮಾತ್ರ ಕೆಳಗಿನಿಂದಲೇ ಸಾಕಷ್ಟು ತುಂಬಿಕೊಂಡು ಹೋಗಿ, ಮೇಲೆ ಅಂಗಡಿ ಇಲ್ಲ.